ಮೊದಲು ಪ್ರೈಮರ್, ಆಮೇಲೆ ಹುತಾತ್ಮರು

ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಎರಡು ಪಾಳಯ: ಬ್ರಿಟನ್ನಿನೊಡನೆಯೇ ಇರಬೇಕೆನ್ನುವ ಪ್ರಾಟೆಸ್ಟೆಂಟರು, ಐರ್ಲೆಂಡನ್ನು ಸೇರಬೇಕೆನ್ನುವ ಕ್ಯಾಥೊಲಿಕರು. ಇಬ್ಬರಿಗೂ ಚರಿತ್ರೆಯನ್ನು ಚಿತ್ರವಾಗಿ ಬರೆಯಲು ಸಾಲುಮನೆಯ ಕೊನೆಯ ಗೋಡೆಯೊಂದಿದ್ದರೆ ಸಾಕು. ಕಿಟಕಿಯಿಲ್ಲದ, ಎರಡಂತಸ್ತೆತ್ತರದ ಪಕ್ಕಗೋಡೆ. ಎಷ್ಟೋ ಕಡೆ ಅದು ಸರಕಾರಿ ವಸತಿ ಸಂಸ್ಥೆಯ ಸ್ವತ್ತು, ಹಾಗಾಗಿ ಬರೆಯುವವರು ಯಾರನ್ನೂ ಕೇಳುವುದಿಲ್ಲ. ಅಳಿಸಹೊರಟವನು ಮಾತ್ರ ಎಲ್ಲರನ್ನೂ ಕೇಳಬೇಕು.

ಮೊದಲು ತಂತಿ ಬ್ರಷ್‌ನಲ್ಲಿ ಉಜ್ಜಿ, ಬಿರುಕಿಗೆ ಸಿಮೆಂಟು ಮೆತ್ತಿ, ಒಣಗಲು ಬಿಡಿ. ಇಲ್ಲಿಯೇ ಎಲ್ಲರೂ ಎಡವುವುದು. ಪ್ರಾಟೆಸ್ಟೆಂಟರ ಜುಲೈ 12ರ ಮೆರವಣಿಗೆ ಹತ್ತಿರ ಬಂತೆಂದು ಹಸಿಗೋಡೆಗೇ ಬಣ್ಣ ಬಳಿದರೆ ಒಳಗಿನ ತೇವಕ್ಕೆ ದಾರಿ ಸಿಗದೆ ಗುಳ್ಳೆ ಏಳುತ್ತದೆ. ಮುಂದಿನ ಚಳಿಗಾಲಕ್ಕೆ ನಾಯಕನ ಮೂಗು ಚಕ್ಕೆಯಾಗಿ ಉದುರುತ್ತದೆ, ಎದುರು ಪಾಳಯದವರೇ ಕಿತ್ತರೆಂದು ಗುಲ್ಲೇಳುತ್ತದೆ.

ಪ್ರೈಮರ್, ಅಂದರೆ ಬಿಳಿಯ ತಳಬಣ್ಣ, ಎರಡು ಕೋಟ್ ಆದಮೇಲೆ ಸೀಮೆಸುಣ್ಣದ ದಾರ ಚಿಮ್ಮಿಸಿ ಚೌಕ ಹಾಕಿ. ಫೋಟೋ ಮೇಲೂ ಅಷ್ಟೇ ಚೌಕ. ಒಂದೊಂದಾಗಿ ಇಳಿಸುತ್ತ ಹೋದರೆ ಮುಖ ಮೂಡುತ್ತದೆ. ಮೂಡದಿದ್ದರೆ ಮುಸುಕು ಹಾಕಿಬಿಡಿ. ಇಲ್ಲಿನ ಮುಸುಕುಧಾರಿಗಳಲ್ಲಿ ಎಷ್ಟು ಮಂದಿ ಗೋಪ್ಯತೆಗಾಗಿ ಮುಸುಕು ತೊಟ್ಟವರು, ಎಷ್ಟು ಮಂದಿ ಚಿತ್ರಕಾರನ ಕೈಗುಣಕ್ಕೆ ಬಲಿಯಾದವರು, ಯಾರು ಬಲ್ಲರು?

ಶಾಂಕಿಲ್ ರಸ್ತೆಯ ಪ್ರಾಟೆಸ್ಟೆಂಟರಿಗೆ 1690ರಲ್ಲಿ ಬಾಯ್ನ್ ಹೊಳೆಯ ಯುದ್ಧದಲ್ಲಿ ಕ್ಯಾಥೊಲಿಕ್ ದೊರೆಯನ್ನು ಸೋಲಿಸಿದ ವಿಲಿಯಂ ದೊರೆ ಬೇಕು, ಬಿಳಿ ಕುದುರೆಯ ಮೇಲೆ. ಕುದುರೆಕಾಲು ಬರೆಯುವುದು ಕಷ್ಟ. ಪುಣ್ಯಕ್ಕೆ ದೊರೆ ಹೊಳೆ ದಾಟುತ್ತಿದ್ದಾನೆ, ನೀರನ್ನು ಮೊಣಕಾಲಿನವರೆಗೆ ಏರಿಸಿದರಾಯಿತು. ಕ್ಯಾಥೊಲಿಕರ ಫಾಲ್ಸ್ ರಸ್ತೆಯಲ್ಲಿ, 1981ರಲ್ಲಿ 66 ದಿನ ಉಪವಾಸವಿದ್ದು ಜೈಲಲ್ಲಿ ಸತ್ತ ಐರಿಷ್ ಬಂಡುಕೋರ ಬಾಬಿ ಸ್ಯಾಂಡ್ಸ್, ಸಿನ್ ಫೇನ್ ಪಕ್ಷದ ಕಚೇರಿಯ ಗೋಡೆಯಿಂದ ನಗುತ್ತಿದ್ದಾನೆ. ಮನೆಜಗಳ ಸಾಲದ್ದಕ್ಕೆ ಒಂದು ಕಡೆ ಪ್ಯಾಲೆಸ್ಟೀನಿನ ಬಾವುಟ, ಇನ್ನೊಂದು ಕಡೆ ಇಸ್ರೇಲಿನದು.

ಫುಟ್‌ಪಾತಿನ ಅಂಚುಕಲ್ಲಿಗೆ ಅಲ್ಲಿ ಬ್ರಿಟಿಷ್ ಬಾವುಟದ ಕೆಂಪು-ಬಿಳಿ-ನೀಲಿ, ಇಲ್ಲಿ ಐರಿಷ್ ಬಾವುಟದ ಹಸಿರು-ಬಿಳಿ-ಕಿತ್ತಳೆ. ಬಿಳಿ ಇಬ್ಬರಿಗೂ ಬೇಕು. ಡಬ್ಬ ಒಟ್ಟಿಗೆ ಕೊಂಡರೆ ಅಗ್ಗವಾದೀತು. ಆ ಮಟ್ಟದ ಸೌಹಾರ್ದಕ್ಕೆ ಇನ್ನೂ ಕಾಲ ಕೂಡಿಬಂದಿಲ್ಲ.

ಎರಡು ಪಾಳಯಗಳ ನಡುವೆ ‘ಶಾಂತಿ ಗೋಡೆ’. 1969ರಲ್ಲಿ ತಾತ್ಕಾಲಿಕವೆಂದು ಎದ್ದದ್ದು. 2023ರೊಳಗೆ ಅಂಥವನ್ನೆಲ್ಲ ಕೆಡವುತ್ತೇವೆಂದು ಸರಕಾರ 2013ರಲ್ಲಿ ಮಾತು ಕೊಟ್ಟಿತು. ಗಡುವು ಬಿತ್ತು, ಗೋಡೆ ಬೀಳಲಿಲ್ಲ. ಈಗ ಟ್ಯಾಕ್ಸಿಯಲ್ಲಿ ಬಂದಿಳಿಯುವ ಪ್ರವಾಸಿಗರು ಮಾರ್ಕರ್ ಹಿಡಿದು ಅದರ ಮೇಲೆ ‘ಗೋಡೆಗಳು ಬೇಡ’ ಎಂದು ಬರೆಯುತ್ತಾರೆ. ಬರೆಯಲು ಗೋಡೆ ಬೇಕಲ್ಲ!

ಬಾವುಟ, ಅಸ್ಮಿತೆಗಳ ತಕರಾರು ಬಗೆಹರಿಸಲು 2016ರಲ್ಲಿ 15 ಸದಸ್ಯರ ಆಯೋಗ ಕೂತಿತು. 2021ರ ಡಿಸೆಂಬರಿನಲ್ಲಿ ವರದಿ ಬಂತು, ಖರ್ಚು 8 ಲಕ್ಷ ಪೌಂಡಿಗೂ ಮೇಲೆ. ಜಾರಿ ಹೇಗೆಂಬುದಕ್ಕೆ ಮಾತ್ರ ಒಪ್ಪಿಗೆ ಹುಟ್ಟಲಿಲ್ಲ. ಆ ಪುಟಗಳನ್ನು ಯಾವುದಾದರೂ ಗೋಡೆಗೆ ಅಂಟಿಸುವುದಿದ್ದರೆ ಮಳೆ ನೋಡಿಕೊಂಡು ಹೊರಡಿ, ಪ್ರೈಮರ್ ಇನ್ನೂ ಹಸಿಯಿದೆ.