ಕಾಲಂ 9ರ ಚಿರಂಜೀವಿಗಳು

ಕರ್ನಾಟಕದಲ್ಲಿ ಎಲ್ಲರಿಗಿಂತ ಜಾಸ್ತಿ ಕಾಲ ಬದುಕುವವರು ದಿನಾ ಯೋಗ ಮಾಡುವವರಲ್ಲ. ಪಹಣಿಯ ಕಾಲಂ 9ರಲ್ಲಿ ಹೆಸರಿರುವ ತಾತಂದಿರು. ತೋಟದ ಮೂಲೆಯ ಸಮಾಧಿಗೆ ವರ್ಷಕ್ಕೊಮ್ಮೆ ಎಡೆ ಇಟ್ಟು ಬರುತ್ತೇವೆ. ನಾಡಕಚೇರಿಗೆ ಹೋದರೆ ಮಾಲೀಕರು ಇನ್ನೂ ಅವರೇ. ಮೊದಲು ಶಾನುಭೋಗರ ಕೈಬರಹದಲ್ಲಿದ್ದರು, ‘ಭೂಮಿ’ ತಂತ್ರಾಂಶ ಬಂದ ಮೇಲೆ ಪ್ರಿಂಟಿನಲ್ಲಿ ಇನ್ನೂ ಚೆನ್ನಾಗಿ ಕಾಣುತ್ತಾರೆ. ಇಂಥ ಜಮೀನು ಲಕ್ಷಗಟ್ಟಲೆ ಇದೆ ಅಂತ ಸರ್ಕಾರವೇ ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವ) ಆಂದೋಲನಕ್ಕೆ ಇಳಿಯಬೇಕಾಯಿತು.

ತಾತನ ಹೆಸರಲ್ಲಿ ಪಹಣಿ ಇದೆ, ಆಧಾರ್ ಇಲ್ಲ. ಮೊಮ್ಮಗನ ಹತ್ತಿರ ಆಧಾರ್ ಇದೆ, ಪಹಣಿ ಇಲ್ಲ. ಬೆಳೆಸಾಲ ಇಬ್ಬರಿಗೂ ಇಲ್ಲ. ಖಾತೆ ಬದಲಿಸೋಣ ಅಂದರೆ ಮರಣ ಪ್ರಮಾಣಪತ್ರ ಬೇಕು. ತಾತ ಹೋಗಿದ್ದು ‘ಆ ದೊಡ್ಡ ಬರಗಾಲದ ವರ್ಷ’. ದಾಖಲೆ ಇಲ್ಲದೆ ಸಾಯುವುದಕ್ಕೂ ನಮ್ಮಲ್ಲಿ ಅವಕಾಶವಿಲ್ಲ ನೋಡಿ.

ಹೋಗಲಿ, ಈಗಿರುವವರಾದರೂ ಉಯಿಲು ಬರೆದಿಡಲಿ ಅಂದರೆ, “ಬಿಡ್ತು ಅನ್ನು!” ಅಂತ ಅಜ್ಜಿ ಗದರುತ್ತಾರೆ. ಮಗು ಹುಟ್ಟಿದ ತಿಂಗಳಲ್ಲೇ ಜಾತಕ ಬರೆಸಿ ಆಯಸ್ಸು ಎಷ್ಟು ಅಂತ ಕೇಳಿದ ಮನೆ ಅದೇ!

ಬೇಕಾಗಿರುವುದಾದರೂ ಏನು? ಒಂದು ಬಿಳಿ ಹಾಳೆ, ಒಂದು ಸಹಿ, ಇಬ್ಬರು ಸಾಕ್ಷಿಗಳು. 1925ರ ಉತ್ತರಾಧಿಕಾರ ಕಾಯ್ದೆಗೆ ಅಷ್ಟು ಸಾಕು. ಛಾಪಾ ಕಾಗದ ಬೇಡ. ನೋಂದಣಿಯೂ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. (ಪಿತ್ರಾರ್ಜಿತವಾದರೆ ತನ್ನ ಪಾಲಿಗಷ್ಟೇ ಬರೆಯಬಹುದು. ಊರೆಲ್ಲ ನನ್ನದು ಅಂತ ಬರೆದರೆ ನಡೆಯಲ್ಲ.) ಮದುವೆ ಊಟಕ್ಕೆ ಎಷ್ಟು ಪಲ್ಯ ಅಂತ ತೀರ್ಮಾನಿಸಲು ಐವತ್ತು ಜನ ಸೇರುವ ಮನೆಯಲ್ಲಿ, ಇದಕ್ಕೆ ಇಬ್ಬರು ಸಿಗುವುದಿಲ್ಲ.

ಆಮೇಲೆ ವೈಕುಂಠ ಸಮಾರಾಧನೆ. ವಡೆ ಆರುವ ಮೊದಲೇ ಸೈಟಿನ ಅಳತೆ ಶುರು.

“ಅಪ್ಪ ಮನೆ ನನಗೇ ಅಂತ ಬಾಯಲ್ಲಿ ಹೇಳಿದ್ರು,” ದೊಡ್ಡವನು.

“ನಂಗೂ ಅದೇ ಹೇಳಿದ್ರಲ್ಲಣ್ಣಾ!” ಚಿಕ್ಕವನು.

ಅಕ್ಕನ ಮುಂದೆ ಅರಿಶಿನ, ಕುಂಕುಮ, ರೇಷ್ಮೆ ಸೀರೆ ಇಟ್ಟ ತಟ್ಟೆ. ಸೀರೆಯ ಮಡಿಕೆಯೊಳಗೆ ಹಕ್ಕು ಬಿಡುಗಡೆ ಪತ್ರ, ಸಹಿ ಹಾಕುವ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಗುರುತು. ಅಪ್ಪ ಸಂಪಾದಿಸಿದ್ದರಲ್ಲಿ ಮಗಳಿಗೂ ಸಮಪಾಲು ಅಂತ 1956ರಿಂದಲೂ ಕಾನೂನಿದೆ. ಅಕ್ಕ ಸೀರೆ ಇಟ್ಟುಕೊಂಡು ಪತ್ರ ವಾಪಸ್ ಕೊಟ್ಟಳು.

ಈಗ ಪಾಲಿನ ದಾವೆ ನಡೆಯುತ್ತಿದೆ. ದೊಡ್ಡವನಿಗೂ ವಯಸ್ಸಾಯಿತು. “ನೀನಾದ್ರೂ ಉಯಿಲು ಬರೆದಿಡಪ್ಪ” ಅಂದರೆ, “ಮೊದಲು ಕೇಸು ಮುಗೀಲಿ, ಬರೆಯೋಕೆ ಏನಾದ್ರೂ ಸಿಗ್ಲಿ” ಅಂತಾನೆ.