ಉಸಿರನ್ನು ಯಾರ ಅಳತೆಗೆ ಹೋಲಿಸಬೇಕು?

ಅಸ್ತಮಾ ಇರುವವರ ಉಸಿರು ಹೊತ್ತಿಗೊಂದು ಬಗೆ. ಮಧ್ಯಾಹ್ನ ಸಲೀಸಾಗಿ ಮೆಟ್ಟಿಲು ಹತ್ತಿದವರೇ ನಸುಕಿನಲ್ಲಿ ಎದ್ದು ಕುಳಿತು ಏದುಸಿರು ಬಿಡುತ್ತಾರೆ. ಏರಿಳಿತವೇ ಕಾಯಿಲೆಯ ಗುರುತಾಗಿರುವಾಗ, ಒಂದು ದಿನ ಒಂದು ಹೊತ್ತಿನಲ್ಲಿ ತೆಗೆದ ಉಸಿರಿನ ಪರೀಕ್ಷೆಯ ವರದಿ ಹಿಡಿದು 'ನಿಮಗೇನೂ ಇಲ್ಲ' ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಅಸ್ತಮಾವನ್ನು ಜೊತೆಗಿಟ್ಟುಕೊಂಡೇ ಹೊರನಾಡಿನಲ್ಲಿ ನೆಲೆಸಿರುವ ನಾನು ಬೇರೆ ಬೇರೆ ಪದ್ಧತಿಯ ವೈದ್ಯರ ಮುಂದೆ ಪರೀಕ್ಷೆಗಾಗಿ ಊದಿದ್ದೇನೆ. ಈ ಮಾತು ಆ ಅನುಭವದಿಂದ ಬಂದದ್ದು.

ಊದಿಸಿ ಉಸಿರಿನ ಪ್ರಮಾಣ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆಯ ಬಗ್ಗೆ ನನಗೆ ಗೌರವವಿದೆ. ಮೂಗಿಗೆ ಕ್ಲಿಪ್ ಹಾಕಿ, ಕೊಳವೆಯ ಸುತ್ತ ತುಟಿ ಬಿಗಿದು, ಎದೆ ತುಂಬ ಎಳೆದ ಉಸಿರನ್ನು ಒಮ್ಮೆಲೇ ಹೊರದೂಡಬೇಕು. ಸಾಕೆನಿಸಿದ ಮೇಲೂ ಪಕ್ಕದಲ್ಲಿರುವವರು 'ಊದಿ, ಇನ್ನೂ ಊದಿ' ಎಂದು ಹುರಿದುಂಬಿಸುತ್ತಲೇ ಇರುತ್ತಾರೆ. ಒಟ್ಟು ಗಾಳಿಯಲ್ಲಿ ಎಷ್ಟು ಪಾಲು ಮೊದಲ ಸೆಕೆಂಡಿನಲ್ಲೇ ಬಂತು ಎಂಬುದರಿಂದ ಶ್ವಾಸನಾಳದ ಬಿಗಿತ ತಿಳಿಯುತ್ತದೆ. ಬಳಿಕ ಶ್ವಾಸನಾಳವನ್ನು ಸಡಿಲಿಸುವ ಸಾಲ್ಬುಟಮಾಲ್ ಔಷಧಿ ಕೊಟ್ಟು, ಸುಮಾರು 15 ನಿಮಿಷ ಬಿಟ್ಟು ಮತ್ತೆ ಊದಿಸುತ್ತಾರೆ. ಮೊದಲ ಸೆಕೆಂಡಿನ ಅಳತೆ ಶೇ. 12ರಷ್ಟು ಮತ್ತು 200 ಮಿಲಿಲೀಟರ್ ಹೆಚ್ಚಿದರೆ ಅಸ್ತಮಾ ಎಂಬ ಗುಮಾನಿ ಗಟ್ಟಿಯಾಗುತ್ತದೆ. ಆದರೆ ಕಾಯಿಲೆ ತಣ್ಣಗಿರುವ ದಿನ ಈ ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣಬಹುದು.

ಆ ನಸುಕಿನ ಗಳಿಗೆಯನ್ನು ಹಿಡಿಯುವುದು, ಹೊರಬಿಡುವ ಉಸಿರಿನ ಗರಿಷ್ಠ ವೇಗವನ್ನು ಅಳೆಯುವ ಪೀಕ್ ಫ್ಲೋ ಮೀಟರ್. 1950ರ ದಶಕದಲ್ಲಿ ಬ್ರಿಟನ್ನಿನ ಮಾರ್ಟಿನ್ ರೈಟ್ ರೂಪಿಸಿದ ಉಪಕರಣದ ಪುಟ್ಟ ರೂಪ ಇಂದು ಕೈಚೀಲದಲ್ಲಿ ಹಿಡಿಸುತ್ತದೆ. ಮುಳ್ಳನ್ನು ಸೊನ್ನೆಗೆ ತಂದು, ನಿಂತು, ಮೂರು ಸಲ ಊದಿ, ದೊಡ್ಡ ಅಂಕಿಯನ್ನು ಪುಸ್ತಕದಲ್ಲಿ ಬರೆದಿಡಬೇಕು; ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಎರಡು ವಾರ. ಅದು ಊದುವವರ ಶ್ರಮವನ್ನು ಅವಲಂಬಿಸುತ್ತದೆ, ಸಣ್ಣ ನಾಳಗಳ ಸ್ಥಿತಿಯನ್ನು ಅಷ್ಟಾಗಿ ಹೇಳುವುದಿಲ್ಲ ಎಂಬ ಆಕ್ಷೇಪ ನಿಜ. ಆದರೂ ನಿಮಿಷಕ್ಕೆ ಬೆಳಿಗ್ಗೆ 380 ಲೀಟರ್, ಸಂಜೆ 460 ಎಂದು ದಿನವೂ ಬರುತ್ತಿದ್ದರೆ ಸರಾಸರಿಯ ಶೇ. 19ರಷ್ಟು ಏರಿಳಿತವಾಯಿತು. ಅಸ್ತಮಾ ಕುರಿತ ಅಂತರರಾಷ್ಟ್ರೀಯ 'ಜೀನಾ' (GINA) ಮಾರ್ಗಸೂಚಿಯಂತೆ ವಯಸ್ಕರಲ್ಲಿ ಶೇ. 10 ದಾಟಿದರೆ ಅದು ಅಸಹಜ. ಬ್ರಿಟನ್ನಿನ 2024ರ ಮಾರ್ಗಸೂಚಿಗೆ ಶೇ. 20 ಬೇಕು. ಅದೇ ಪುಸ್ತಕ, ಅದೇ ಉಸಿರು, ಎರಡು ತೀರ್ಪು! ಗಡಿಯಂಚಿನ ಅಂಕಿ ಬಂದಾಗ ವೈದ್ಯರು ರೋಗಿಯ ಮಾತನ್ನು ಇನ್ನಷ್ಟು ಗಮನವಿಟ್ಟು ಕೇಳಬೇಕು ಎಂದು ನಾನು ಹೇಳುವುದು ಇದಕ್ಕೇ.

ಹೊರನಾಡಿನಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಬೇರೆ. ಊದುವ ಮೊದಲು ವಯಸ್ಸು, ಎತ್ತರಗಳ ಜೊತೆಗೆ ಜನಾಂಗವನ್ನೂ ಕೇಳುತ್ತಾರೆ. 'ಇಷ್ಟಿರಬೇಕು' ಎಂಬ ನಿರೀಕ್ಷಿತ ಅಂಕಿ ಅದರ ಮೇಲೆ ಬದಲಾಗುತ್ತದೆ. ಆ ಅಂಕಿಯನ್ನು ಲೆಕ್ಕ ಹಾಕುವ 2012ರ ಜಾಗತಿಕ ಸಮೀಕರಣಗಳಲ್ಲಿ ಭಾರತ ಉಪಖಂಡದವರಿಗೆ ಪ್ರತ್ಯೇಕ ಗುಂಪೇ ಇರಲಿಲ್ಲ. ಈಗ ಜನಾಂಗ ಕೇಳದ ಸಮೀಕರಣಗಳು ಬಂದಿವೆ, 2023ರಲ್ಲಿ ಶ್ವಾಸಕೋಶ ತಜ್ಞರ ಸಂಘವಾದ ಅಮೆರಿಕದ ಥೊರಾಸಿಕ್ ಸೊಸೈಟಿ ಅವುಗಳನ್ನೇ ಬಳಸಲು ಸೂಚಿಸಿತು. ಒಳ್ಳೆಯದೇ, ಆದರೆ ಸಮೀಕರಣ ಬದಲಾದರೆ ಅದೇ ಉಸಿರಿಗೆ ಬೇರೆ ಶೇಕಡಾವಾರು ಬರುತ್ತದೆ. ಹಾಗಾಗಿ ಕಾಯಿಲೆ ಹತೋಟಿಯಲ್ಲಿದ್ದಾಗ ನಾವೇ ಮುಟ್ಟಿದ ಅತ್ಯುತ್ತಮ ಅಂಕಿಗೆ ನಮ್ಮನ್ನು ಹೋಲಿಸುವ ಪದ್ಧತಿ ನನಗೆ ನ್ಯಾಯವೆನಿಸುತ್ತದೆ. ಪೀಕ್ ಫ್ಲೋ ಆ ಅತ್ಯುತ್ತಮ ಅಂಕಿಯ ಶೇ. 80ಕ್ಕಿಂತ ಕೆಳಗಿಳಿದರೆ ಎಚ್ಚರ, ಶೇ. 50ಕ್ಕಿಂತ ಕೆಳಗಾದರೆ ತುರ್ತು ಚಿಕಿತ್ಸೆ.

ಬೇರೆ ಪರೀಕ್ಷೆಗಳೂ ಇವೆ. ಉಸಿರಿನ ನೈಟ್ರಿಕ್ ಆಕ್ಸೈಡ್ ಪರೀಕ್ಷೆ ಅಳೆಯುವುದು ನಾಳದ ಉರಿಯೂತವನ್ನು, ಬಿಗಿತವನ್ನಲ್ಲ. ಧೂಮಪಾನಿಗಳಲ್ಲಿ, ಸ್ಟೀರಾಯ್ಡ್ ಇನ್ಹೇಲರ್ ಬಳಸುವವರಲ್ಲಿ ಅದರ ಅಂಕಿ ತಗ್ಗಿ ಕಾಣಬಹುದು. ಜೋರಾಗಿ ಊದಲಾಗದ ವೃದ್ಧರಿಗೆ ಸಹಜವಾಗಿ ಉಸಿರಾಡುತ್ತಲೇ ಮಾಡಬಹುದಾದ ಆಸಿಲೋಮೆಟ್ರಿ ಎಂಬ ಪರೀಕ್ಷೆ ಇನ್ನಷ್ಟು ಕಡೆ ಸಿಗಬೇಕು. ಅಲ್ಲಿಯವರೆಗೆ, ವೈದ್ಯರ ಬಳಿ ಹೋಗುವಾಗ ಆ ಎರಡು ವಾರದ ಪುಸ್ತಕವನ್ನೂ ಊದಿದ ಮೀಟರನ್ನೂ ಒಯ್ಯಿರಿ. ಮೀಟರ್ ಬದಲಾದರೆ ಅಂಕಿಯೂ ಬದಲಾಗುವುದರಿಂದ, ಅಲ್ಲಿಯೂ ನಿಮ್ಮದರಲ್ಲೇ ಊದಿ ತೋರಿಸಿ.