ಯಾರೂ ಏನೂ ಕೇಳದ ಊರಿನ ಪತ್ತೇದಾರ

ಬಿಬಿಸಿಯ 'ಷರ್ಲಾಕ್' ಸರಣಿಯನ್ನು ಈ ಚಳಿಗಾಲದಲ್ಲಿ ಮತ್ತೆ ಮೊದಲಿನಿಂದ ನೋಡಿದೆ. ಆರ್ಥರ್ ಕಾನನ್ ಡಾಯ್ಲ್ ಬರೆದ ಷರ್ಲಾಕ್ ಹೋಮ್ಸ್ ಕಥೆಗಳನ್ನು ಈ ಕಾಲದ ಲಂಡನ್ನಿಗೆ ತಂದು, 2010ರ ಜುಲೈನಲ್ಲಿ ಶುರುವಾಗಿ 2017ರ ಜನವರಿಯಲ್ಲಿ ಮುಗಿದ ಸರಣಿ ಅದು. ಏಳು ವರ್ಷಕ್ಕೆ ಬರೀ 13 ಕಂತು, ಒಂದೊಂದೂ ಸುಮಾರು ಒಂದೂವರೆ ಗಂಟೆ. ಮೊದಲ ಸಲ ನೋಡುವಾಗ ಕೊಲೆಗಾರ ಯಾರು ಅನ್ನುವ ಕುತೂಹಲವೇ ನಮ್ಮನ್ನು ಎಳೆದುಕೊಂಡು ಹೋಗುತ್ತದೆ. ಎರಡನೇ ಸಲ ಗುಟ್ಟು ಗೊತ್ತಿರುತ್ತದಲ್ಲ, ಆಗ ಊರು ಕಾಣುತ್ತದೆ. ಲಂಡನ್ನಿನಲ್ಲೇ ಬದುಕುತ್ತಿರುವ ನನಗೆ ಈ ಸಲ ಅನಿಸಿದ್ದು ಇಷ್ಟು: ಇಂಥ ಪತ್ತೇದಾರ ಹುಟ್ಟುವುದು ಯಾರೂ ಯಾರನ್ನೂ ಏನೂ ಕೇಳದ ಊರಿನಲ್ಲಿ ಮಾತ್ರ.

ಮುಂದೆ ಕಥೆಯ ಗುಟ್ಟುಗಳು ಬರುತ್ತವೆ. ಸರಣಿ ನೋಡದವರು ಮೊದಲು ನೋಡಿ ಬನ್ನಿ.

ಮೊದಲ ಕಂತನ್ನೇ ತೆಗೆದುಕೊಳ್ಳಿ. ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಜನ ವಿಷದ ಗುಳಿಗೆ ನುಂಗಿ ಸಾಯುತ್ತಿದ್ದಾರೆ. ಷರ್ಲಾಕ್ ಮತ್ತು ಅವನ ಜೊತೆಗಾರ ಜಾನ್ ವಾಟ್ಸನ್ ಒಂದು ಟ್ಯಾಕ್ಸಿಯ ಬೆನ್ನು ಹತ್ತಿ, ಗಲ್ಲಿಗಲ್ಲಿ ಓಡಿ, ಕೊನೆಗೆ ಅದನ್ನು ತಡೆಯುತ್ತಾರೆ. ಹಿಂದೆ ಕೂತವನು ಆಗಷ್ಟೇ ಅಮೆರಿಕದಿಂದ ಬಂದ ಅಮಾಯಕ. ಸಾರಿ ಹೇಳಿ ಬಿಟ್ಟುಬಿಡುತ್ತಾರೆ. ಮುಂದೆ ಕೂತ ಡ್ರೈವರ್ ಮುಖವನ್ನು ಷರ್ಲಾಕ್ ಕೂಡ ನೋಡುವುದಿಲ್ಲ. ಕೊಲೆಗಾರ ಅವನೇ! 1887ರ ಮೂಲ ಕಾದಂಬರಿಯಲ್ಲೂ ಕೊಂದವನು ಗಾಡಿ ಓಡಿಸುವವನೇ. ಅಲ್ಲೂ ಎರಡು ಗುಳಿಗೆಗಳ ಆಟ ಇದೆ. ನೂರಿಪ್ಪತ್ತು ವರ್ಷಗಳಲ್ಲಿ ಕುದುರೆ ಹೋಗಿ ಎಂಜಿನ್ ಬಂತು. ಗಾಡಿ ಓಡಿಸುವವನು ಮಾತ್ರ ಆಗಲೂ ಯಾರ ಕಣ್ಣಿಗೂ ಬೀಳಲಿಲ್ಲ, ಈಗಲೂ ಬೀಳುವುದಿಲ್ಲ.

ಲಂಡನ್ನಿನ ಕಪ್ಪು ಟ್ಯಾಕ್ಸಿ ಹತ್ತಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಡ್ರೈವರ್‌ಗೂ ನಮಗೂ ನಡುವೆ ಗಾಜು. ಹೋಗಬೇಕಾದ ಜಾಗ ಹೇಳಿದರೆ ಮುಗಿಯಿತು. ನಡು ಲಂಡನ್ನಿನ ಚೇರಿಂಗ್ ಕ್ರಾಸ್‌ನಿಂದ ಸುತ್ತಲೂ ಆರು ಮೈಲಿ ದೂರದೊಳಗಿನ ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಿ, ಪರೀಕ್ಷೆ ಪಾಸಾದ ಮೇಲೆಯೇ ಆತನಿಗೆ ಲೈಸೆನ್ಸ್. ಹಾಗಾಗಿ ದಾರಿ ಕೇಳುವ ನೆಪದಲ್ಲೂ ಮಾತಿಗೆ ಅವಕಾಶವಿಲ್ಲ. ಬೆಂಗಳೂರಿನ ಆಟೋದಲ್ಲಿ ಹೀಗಾಗುತ್ತದೆಯೇ? ಹತ್ತುವ ಮೊದಲೇ 'ಆ ಕಡೆ ಬರಲ್ಲ ಸಾರ್', 'ಮೀಟರ್ ಮೇಲೆ ಇಪ್ಪತ್ತು ಕೊಡಿ'. ಆಮೇಲೆ ಮಳೆ, ಮೆಟ್ರೋ ಕೆಲಸ, ಮಗಳ ಕಾಲೇಜು ಫೀಸು. ಇಳಿಯುವ ಹೊತ್ತಿಗೆ ಅವರ ಊರು ನಮಗೆ ಗೊತ್ತು, ನಮ್ಮ ಊರು ಅವರಿಗೆ ಗೊತ್ತು. ಆ್ಯಪ್ ಬಂದ ಮೇಲೆ ಅಲ್ಲೂ ಈ ಮಾತು ಕಡಿಮೆಯಾಗುತ್ತಿದೆ, ಅದು ನನಗೆ ಬೇಸರದ ಸಂಗತಿ. ಆದರೂ ಡ್ರೈವರನ್ನು ಯಾರೂ ಗಮನಿಸಲಿಲ್ಲ ಅನ್ನುವ ಕಥೆ ನಮ್ಮೂರಿನಲ್ಲಿ ನಿಲ್ಲುವುದು ಕಷ್ಟ.

ಅದೇ ಕಂತಿನಲ್ಲಿ ಗುಲಾಬಿ ಬಟ್ಟೆಯ ಹೆಂಗಸಿನ ಹೆಣವನ್ನು ಷರ್ಲಾಕ್ ಪರೀಕ್ಷಿಸುವ ದೃಶ್ಯವಿದೆ. ಮದುವೆಯ ಉಂಗುರದ ಹೊರಮೈ ಕೊಳೆ, ಒಳಮೈ ಫಳಫಳ. ಅಂದರೆ ಆಗಾಗ ತೆಗೆದು ಹಾಕುತ್ತಿದ್ದಳು. ಕೋಟು ಒದ್ದೆ, ಜೇಬಿನ ಕೊಡೆ ಒಣಗಿದೆ. ಅಂದರೆ ಮಳೆಯ ಜೊತೆ ಜೋರು ಗಾಳಿ ಇರುವ ಊರಿನಿಂದ, ಕಾರ್ಡಿಫ್‌ನಿಂದ ಬಂದವಳು. ಎಷ್ಟು ಸಲ ನೋಡಿದರೂ ಈ ದೃಶ್ಯ ರೋಮಾಂಚನ ಕೊಡುತ್ತದೆ. ಆದರೆ ಇಷ್ಟೆಲ್ಲ ಉಂಗುರದಿಂದಲೇ ಯಾಕೆ ತಿಳಿಯಬೇಕು? ನಮ್ಮಲ್ಲಾದರೆ ಪಕ್ಕದ ಮನೆಯವರು, ಹೂವಿನವರು, ಇಸ್ತ್ರಿ ಅಂಗಡಿಯವರು ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಹೇಳುತ್ತಿದ್ದರು. ಇಲ್ಲಿ ನೋಡಿ ತಿಳಿಯಬೇಕು, ಅಲ್ಲಿ ಕೇಳಿ ತಿಳಿಯುತ್ತೇವೆ.

ಇಲ್ಲಿಗೆ ಬಂದ ಹೊಸದರಲ್ಲಿ ಈ ಕೇಳದಿರುವಿಕೆ ನನಗೆ ತುಂಬಾ ಹಿಡಿಸಿತ್ತು. ಸಂಬಳ ಎಷ್ಟು, ಮದುವೆ ಯಾವಾಗ ಎನ್ನುವವರಿಲ್ಲ. ಹಾಯಾಗಿತ್ತು. ಆಮೇಲೆ 'ಊಟ ಆಯ್ತಾ' ಎನ್ನುವವರೂ ಇಲ್ಲ ಅನ್ನುವುದು ನಿಧಾನಕ್ಕೆ ಗೊತ್ತಾಯಿತು.

ಅದಕ್ಕೇ ಈ ಸಲ ನನ್ನನ್ನು ಹೆಚ್ಚು ತಟ್ಟಿದ್ದು ಜಾನ್ ವಾಟ್ಸನ್. ಮೂಲ ಕಥೆಯ ವಾಟ್ಸನ್ 1880ರ ಮೈವಂದ್ ಯುದ್ಧದಲ್ಲಿ ಗಾಯಗೊಂಡು ಅಫ್ಘಾನಿಸ್ತಾನದಿಂದ ಮರಳಿದವನು. 2010ರ ಜಾನ್ ಕೂಡ ಅದೇ ದೇಶದ ಇನ್ನೊಂದು ಯುದ್ಧದಿಂದ ಮರಳಿದವನು. ಸರಣಿಯನ್ನು ರೂಪಿಸಿದ ಸ್ಟೀವನ್ ಮೊಫಾಟ್ ಮತ್ತು ಮಾರ್ಕ್ ಗೇಟಿಸ್ ಇದನ್ನು ಬದಲಾಯಿಸಬೇಕಾಗಿಯೇ ಬರಲಿಲ್ಲ, ಎಂಥ ದುಃಖದ ವಿಷಯ. ಜಾನ್ ಒಂದು ಬೋಳು ಕೋಣೆಯಲ್ಲಿ ಒಬ್ಬನೇ ಇದ್ದಾನೆ. ಪಿಂಚಣಿ ಲಂಡನ್ನಿನ ಬಾಡಿಗೆಗೆ ಸಾಲುವುದಿಲ್ಲ. ಅಂಥವನನ್ನು ಒಂದು ಕ್ಷಣ ನೋಡಿ ಷರ್ಲಾಕ್ 'ಅಫ್ಘಾನಿಸ್ತಾನವೋ, ಇರಾಕೋ?' ಅನ್ನುತ್ತಾನೆ. ಜಾನ್ ಪಾತ್ರದ ಮಾರ್ಟಿನ್ ಫ್ರೀಮನ್ ಮುಖದಲ್ಲಿ ಆಗ ಬರೀ ಆಶ್ಚರ್ಯವಿಲ್ಲ. ಈ ಊರಿನಲ್ಲಿ ಕೊನೆಗೂ ಒಬ್ಬರು ತನ್ನನ್ನು ಗಮನಿಸಿದರಲ್ಲ ಅನ್ನುವ ಭಾವವಿದೆ. ಪರವೂರಿನಲ್ಲಿ ಒಂಟಿಯಾಗಿ ಕೋಣೆ ಹುಡುಕಿದವರಿಗೆ ಅದು ಚೆನ್ನಾಗಿ ತಿಳಿಯುತ್ತದೆ.

ಇಬ್ಬರೂ ಬಾಡಿಗೆಗಿರುವ ಮನೆಯ ಒಡತಿ ಮಿಸೆಸ್ ಹಡ್ಸನ್ ಒಬ್ಬರೇ ನಮ್ಮ ಕಡೆಯ ಓನರ್ ಆಂಟಿಯ ಹಾಗೆ. ಎರಡು ಬೆಡ್‌ರೂಮು ಬೇಕಾ, ಒಂದೇ ಸಾಕಾ ಎಂದು ನೇರವಾಗಿ ವಿಚಾರಿಸುತ್ತಾರೆ. 'ನಾನು ನಿಮ್ಮ ಕೆಲಸದವಳಲ್ಲ' ಅನ್ನುತ್ತಲೇ ಟೀ ತಂದಿಡುತ್ತಾರೆ. 2021ರಲ್ಲಿ ತೀರಿಕೊಂಡ ಊನಾ ಸ್ಟಬ್ಸ್ ಆ ಪಾತ್ರಕ್ಕೆ ಕೊಟ್ಟ ಅಕ್ಕರೆ ದೊಡ್ಡದು.

ಒಂದು ವಿಷಯದಲ್ಲಿ ಮಾತ್ರ ಮೂಲವೇ ಮೇಲು. 1891ರ ಕಥೆಯಲ್ಲಿ ಹೋಮ್ಸ್‌ನ ಎದುರಾಳಿ ಐರೀನ್ ಆಡ್ಲರ್ ಹುಡುಗನ ವೇಷದಲ್ಲಿ ಬೇಕರ್ ಸ್ಟ್ರೀಟಿನಲ್ಲೇ ಹಾದುಹೋಗಿ, ಹೋಮ್ಸ್‌ಗೆ ಹೆಸರು ಹಿಡಿದು ಶುಭರಾತ್ರಿ ಹೇಳುತ್ತಾಳೆ. ಅವನಿಗೆ ಗುರುತು ಸಿಗುವುದಿಲ್ಲ. ಅವಳೇ ಗೆಲ್ಲುತ್ತಾಳೆ. 2012ರ ಕಂತಿನಲ್ಲಿ ಅವಳ ಫೋನಿನ ಪಾಸ್‌ವರ್ಡ್ ಷರ್ಲಾಕ್‌ಗೆ ಸಿಕ್ಕಿ ಅವಳು ಸೋಲುತ್ತಾಳೆ. ಕೊನೆಗೆ ಕರಾಚಿಯಲ್ಲಿ ಅವಳ ಜೀವವನ್ನೂ ಅವನೇ ಉಳಿಸಬೇಕು. ನೂರಿಪ್ಪತ್ತು ವರ್ಷ ಮುಂದೆ ಬಂದು ಹೆಣ್ಣನ್ನು ಚಿಕ್ಕದಾಗಿಸಿದ್ದು ನನಗೆ ಒಪ್ಪಿಗೆಯಿಲ್ಲ.

ಕೊನೆಯ ಸೀಸನ್ನಂತೂ ಬೀದಿಯನ್ನೇ ಬಿಟ್ಟುಬಿಟ್ಟಿತು. ಸಮುದ್ರದ ನಡುವಿನ ಜೈಲು, ಮಾತಿನಲ್ಲೇ ಯಾರನ್ನು ಬೇಕಾದರೂ ಆಡಿಸುವ ಷರ್ಲಾಕ್‌ನ ತಂಗಿ. ಅಲ್ಲಿ ನಾವು ನೋಡಿ ಊಹಿಸುವಂಥದ್ದು ಏನೂ ಉಳಿಯಲಿಲ್ಲ. ಟ್ಯಾಕ್ಸಿಯವನು ನಮ್ಮ ಕಣ್ಣೆದುರೇ ಇದ್ದ, ನೋಡದಿದ್ದದ್ದು ನಾವು. ಈ ತಂಗಿಯನ್ನು ನಾವು ಊಹಿಸುವ ದಾರಿಯೇ ಇರಲಿಲ್ಲ.

ಕನ್ನಡದಲ್ಲೂ ಪತ್ತೇದಾರಿ ಓದಿನ ದೊಡ್ಡ ಪರಂಪರೆ ಇದೆ. ಎನ್. ನರಸಿಂಹಯ್ಯನವರ ಪುರುಷೋತ್ತಮನನ್ನು ಓದುತ್ತಲೇ ಬೆಳೆದ ತಲೆಮಾರು ನಮ್ಮದು. ಅಂಥ ಒಬ್ಬನನ್ನು ಇವತ್ತಿನ ಬೆಂಗಳೂರಿಗೆ ತಂದು, ಮೂರೇ ಮೂರು ಕಂತು, ಚೆನ್ನಾಗಿ ಬರೆದು ಮಾಡಿದರೆ ಎಷ್ಟು ಚೆಂದ, ಅಲ್ವಾ? ಅವನಿಗೆ ಉದ್ದ ಕೋಟು ಬೇಡ. ಉಂಗುರ ನೋಡಿ ಜಾತಕ ಹೇಳುವುದೂ ಬೇಡ. ದರ್ಶಿನಿಯಲ್ಲಿ ಕಾಫಿ ಕುಡಿಯುತ್ತಾ, ಅಪಾರ್ಟ್‌ಮೆಂಟಿನ ವಾಚ್‌ಮನ್ ಹತ್ತಿರ, ತರಕಾರಿ ಗಾಡಿಯವರ ಹತ್ತಿರ ಮಾತಾಡಲಿ. ಹತ್ತು ಜನ ಹತ್ತು ಥರ ಹೇಳುತ್ತಾರೆ. ಅದರಲ್ಲಿ ಯಾವುದು ನಿಜ, ಯಾವುದು ಸುಮ್ನೆ ಸೇರಿಸಿದ್ದು, ಯಾರು ಯಾರನ್ನು ಕಾಪಾಡಲು ಸುಳ್ಳು ಹೇಳುತ್ತಿದ್ದಾರೆ ಅಂತ ಬಿಡಿಸುವುದರಲ್ಲಿ ಅವನ ಜಾಣತನ ಇರಲಿ. ಅಂಥ ಸರಣಿ ಬಂದರೆ ನಮ್ಮ ಮನೆಯಲ್ಲಿ ಮೊದಲ ದಿನವೇ ನೋಡುತ್ತೇವೆ.